ಉಳಿದ ಐದು ಅಕ್ಷರ

ಗೇಟಿನ ಮೇಲಿನ ಲೈಟ್ ಬೋರ್ಡು ಮೂರನೇ ಸುತ್ತು ಮುಗಿಸಿತು. ಮೊದಲು ಹೆಡ್‌ಮಿಸ್ಸು ಅನಂತಲಕ್ಷ್ಮಿ, ಆಮೇಲೆ ಒಬ್ಬೊಬ್ಬರೇ ಮೇಷ್ಟ್ರುಗಳು, ಕೊನೆಗೆ ಚಂದ್ರಮೋಹನ್. ಮತ್ತೆ ಅನಂತಲಕ್ಷ್ಮಿ. ಮುನಿಯಲ್ಲಮ್ಮನ ಹೆಸರು ಬರಲೇ ಇಲ್ಲ.

ಹೋಳೂರಿನ ಆ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಬಿಸಿಯೂಟ ಬೇಯಿಸಿದ ಮುನಿಯಲ್ಲಮ್ಮನಿಗೆ ಅಂದೇ ಕೊನೆಯ ದಿನ. ಹೊಸ ಬೋರ್ಡಿನಲ್ಲಿ ನಿಮ್ಮ ಹೆಸರೂ ಬರುತ್ತೆ ಎಂದು ಚಂದ್ರಮೋಹನ್ ಮೇಷ್ಟ್ರು ತಾವಾಗಿಯೇ ಹೇಳಿದ್ದರು. ಅವಳಿಗೆ ಓದಲು ಬರುವುದು ತನ್ನ ಹೆಸರೊಂದೇ. ಅದನ್ನು ತೋರಿಸಲೆಂದು ಆವನಿಯಿಂದ ತಂಗಿಯನ್ನು ಕರೆಸಿಕೊಂಡಿದ್ದಳು.

"ಏದಕ್ಕಾ ನೀ ಪೇರು?" ನಿನ್ನ ಹೆಸರೆಲ್ಲಿ ಎಂದು ತಂಗಿ ತೆಲುಗಿನಲ್ಲಿ ತಿವಿದಳು. "ಕತ್ತು ನೋಯ್ತದೆ, ಹೆಸರೇ ಕಾಣ್ಲಿಲ್ಲ. ಇದಕ್ಕಾ ನನ್ನ ಎರಡು ಬಸ್ಸು ಹತ್ತಿಸಿದ್ದು?"

"ಸುಮ್ಕಿರೇ. ಮೇಷ್ಟ್ರು ಹಾಕವ್ರೆ, ಬತ್ತದೆ."

ಪಕ್ಕದಲ್ಲೇ ನಿಂತಿದ್ದ ಚಂದ್ರಮೋಹನರ ಕಿವಿ ಬಿಸಿಯಾಯಿತು. ತಪ್ಪು ಎಲ್ಲಿದೆಯೆಂದು ಅವರಿಗೆ ಆಗಲೇ ಹೊಳೆದಿತ್ತು. ಬೋರ್ಡಿಗೆ ಒಂದು ಸಲಕ್ಕೆ ಹಿಡಿಸುವುದು ಹದಿನಾರು ಅಕ್ಷರ. ಅದಕ್ಕೇ ಹೆಸರುಗಳನ್ನೆಲ್ಲ ಒಂದೇ ಸಾಲಾಗಿ ಪೋಣಿಸಿ, ಹದಿನಾರು ಹದಿನಾರರ ತುಂಡು ಮಾಡುವ ಪ್ರೋಗ್ರಾಮ್ ಬರೆದಿದ್ದರು. ಪೂರ್ತಿ ತುಂಬಿದ ತುಂಡನ್ನಷ್ಟೇ ತೋರಿಸು ಎಂದಿದ್ದರು. ಕೊನೆಗೆ ಉಳಿದದ್ದು ಮುನಿಯಲ್ಲಮ್ಮನ ಹೆಸರಿನ ಐದೇ ಅಕ್ಷರ. ಪ್ರೋಗ್ರಾಮು ಅದನ್ನು ಹಾಗೇ ಬಿಟ್ಟುಬಿಟ್ಟಿತ್ತು. ನಿನ್ನೆ ಹಾಕಿ ನೋಡಿದ್ದರು, ನಿಜ. ತಮ್ಮ ಹೆಸರು ಬಂದ ಕೂಡಲೇ, ಎಲ್ಲ ಸರಿಯಿದೆ ಎಂದು ಆರಿಸಿ ಬಸ್ಸು ಹಿಡಿದಿದ್ದರು.

ಅದನ್ನು ಹೇಳಲು ಬಾಯಿ ಬರಲಿಲ್ಲ. "ಬೋರ್ಡು ಚಿಕ್ಕದು ಮುನಿಯಲ್ಲಮ್ಮನೋರೆ. ಜಾಗ ಸಾಲ್ಲಿಲ್ಲ" ಎಂದರು.

"ಹೋಗ್ಲಿ ಬಿಡಿ ಮೇಷ್ಟ್ರೇ. ಜಾಗ ಇಲ್ದಿದ್ರೆ ನೀವಾದ್ರೂ ಏನ್ ಮಾಡ್ತೀರ? ಓದಿರೋರ ಹೆಸರುಗಳೇ ಅಷ್ಟುದ್ದ ಅವೆ."

ತಂಗಿ ಕಿಸಕ್ಕೆಂದು ನಕ್ಕಳು. ಮುನಿಯಲ್ಲಮ್ಮ ತಲೆ ಬಗ್ಗಿಸಿ ಸೆರಗು ಸರಿಮಾಡಿಕೊಂಡಳು. ಅದನ್ನು ನೋಡಿಕೊಂಡು ನಿಲ್ಲಲಾಗದೆ ಚಂದ್ರಮೋಹನ್, "ಐದು ನಿಮಿಷ ಇರಿ, ಹೋಗ್ಬೇಡಿ" ಎಂದು ಒಳಗೆ ಓಡಿದರು. ತಿದ್ದಬೇಕಾದದ್ದು ಒಂದೇ ಸಾಲು. ಉಳಿದದ್ದು ಎಷ್ಟೇ ಇರಲಿ, ಅದನ್ನೂ ತೋರಿಸು.

ಹೊರಗೆ ಬಂದಾಗ ಬೋರ್ಡು ಮತ್ತೆ ಸುತ್ತುತ್ತಿತ್ತು. ಅನಂತಲಕ್ಷ್ಮಿ ಹೋದರು, ಮೇಷ್ಟ್ರುಗಳು ಹೋದರು, ಚಂದ್ರಮೋಹನ್ ಹೋದರು. ಒಂದು ಗಳಿಗೆ ಎಲ್ಲ ಆರಿತು. ಆಮೇಲೆ ಎಡಗಡೆ ಕೆಂಪಗೆ ಹತ್ತಿಕೊಂಡಿತು: ಮುನಿಯಲ್ಲಮ್ಮ.

"ಅಯ್ಯ, ಬಂತು ಕಣಕ್ಕಾ!" ತಂಗಿ ಚಪ್ಪಾಳೆ ಹೊಡೆದಳು.

ಮುನಿಯಲ್ಲಮ್ಮ ಗಾಳಿಯಲ್ಲಿ ಬೆರಳಿಟ್ಟು ಒಂದೊಂದೇ ಅಕ್ಷರ ಮುಟ್ಟುತ್ತ ಓದಿಕೊಂಡಳು. ಐದನೆಯದು ಮುಗಿದ ಮೇಲೂ ಬೆರಳು ನಿಲ್ಲಲಿಲ್ಲ. ಬಲಕ್ಕೆ, ಕತ್ತಲಾಗಿಯೇ ಇದ್ದ ಅರ್ಧಕ್ಕೂ ಹೆಚ್ಚು ಬೋರ್ಡಿನ ಉದ್ದಕ್ಕೂ ಹೋಗಿ ಅಂಚಿಗೆ ಬಂದು ನಿಂತಿತು.

"ಇಷ್ಟೊಂದು ಜಾಗ ಇತ್ತಲ್ಲ ಮೇಷ್ಟ್ರೇ" ಎಂದಳು.