ಕೆರೆ ದಾಟಿ ಬಂದದ್ದು

ದೋಣಿಯಿಂದ ಕೆರೆಯ ನಡುವಿನ ಕುದ್ರುವಿಗೆ ಇಳಿಯುವಾಗ ಕುಶಲಾ ಬುತ್ತಿಯ ಚೀಲಕ್ಕೆ ಕೈ ಹಾಕಿದ್ದೇ ತಡ, ಲೊರ್ನಾ ಅದನ್ನು ಕಸಿದುಕೊಂಡಳು.

"ಎಂತ ನೀನು! ನಾವಿಬ್ಬರು ಇಲ್ಲವಾ? ಸುಮ್ಮನೆ ಬಾ."

"ಅದರಲ್ಲಿ ನೀರುದೋಸೆ ಇರುವುದು ಮಾರಾಯ್ತಿ, ಅಕ್ಕಿಮುಡಿ ಅಲ್ಲ."

"ಭಾರ ಎತ್ತಬಾರದು ಅಂತ ಡಾಕ್ಟರು ಹೇಳಿದ್ದಾರೆ ಅಲ್ವಾ?" ಎನ್ನುತ್ತ ಹರಿಣಾಕ್ಷಿ ಅವಳ ತೋಳು ಹಿಡಿದು, ಅಜ್ಜಿಯನ್ನು ಇಳಿಸುವ ಹಾಗೆ ದಡಕ್ಕೆ ಇಳಿಸಿದಳು. ನಡುಗಡ್ಡೆ ನೋಡಿ ಮುಗಿದಾಗ ಕೂಗಿ ಕರೆಯಿರಿ ಎಂದು ಹೇಳಿ ದೋಣಿಯವನು ಆಚೆ ದಡಕ್ಕೆ ಹೊರಟುಹೋದ.

ಡಾಕ್ಟರು ಹಾಗೆ ಹೇಳಿ ವರ್ಷವಾಗಿತ್ತು. ಎದೆಯ ಆಪರೇಶನ್ನು, ಮಣಿಪಾಲದ ಓಡಾಟ, ಕೀಮೊ ಎಲ್ಲವೂ ಮುಗಿದು ಕುಶಲಾಳ ತಲೆಯಲ್ಲಿ ಹುಡುಗರ ಹಾಗೆ ಮೋಟು ಕೂದಲು ಬಂದಿತ್ತು. ಆದರೂ ಹಿರಿಯಡ್ಕದ ಮನೆಯಲ್ಲಿ ಅವಳು ಕೊಡಪಾನ ಮುಟ್ಟುವಂತಿರಲಿಲ್ಲ. ಮಾತನಾಡುವವರು ಕೂಡ ದನಿ ತಗ್ಗಿಸಿಕೊಂಡೇ ಮಾತನಾಡುತ್ತಿದ್ದರು. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಜಗಳವಾಡಿದ ಗೆಳತಿಯರಾದರೂ ಮೊದಲಿನ ಹಾಗೆ ಇದ್ದಾರು ಎಂಬ ಆಸೆಯಿಂದ ಅವಳು ಕಾರ್ಕಳದಾಚೆ ಘಟ್ಟದ ಬುಡದಲ್ಲಿರುವ ಈ ಕೆರೆಗೆ ಹೊರಟು ಬಂದಿದ್ದಳು. ಇಲ್ಲಿಯೂ ಅದೇ ಕತೆ. ಗೋಳಿಮರದ ನೆರಳಿನಲ್ಲಿ ಜಮಖಾನೆ ಹಾಸಿ ಅವಳನ್ನು ಕೂರಿಸಿ, ಅವರಿಬ್ಬರು ಕೈ ತೊಳೆಯಲು ನೀರಿನ ಅಂಚಿಗೆ ಹೋದರು.

ಮೇ ತಿಂಗಳ ಬಿಸಿಲಿಗೆ ಕೆರೆ ಕನ್ನಡಿಯ ಹಾಗೆ ಉರಿಯುತ್ತಿತ್ತು. ಕುಶಲಾ ಮರಕ್ಕೆ ಒರಗಿ ಕಾಲು ಚಾಚಿದಳು. ಆಗ ಕಂಡಿತು. ನೀರಿನ ಮೇಲೆ ಒಂದು ಕೋಲು ತೇಲಿ ಬರುತ್ತಿತ್ತು. ಗಾಳಿ ಇಲ್ಲದಿದ್ದರೂ ನೇರವಾಗಿ ಬರುತ್ತಿತ್ತು. ಹತ್ತಿರವಾದಂತೆ ಕೋಲಿನ ತುದಿ ನೀರಿನಿಂದ ಗೇಣುದ್ದ ಮೇಲೆದ್ದು ತಲೆಯಾಯಿತು. ಅದರ ಹಿಂದೆ ಅಷ್ಟುದ್ದಕ್ಕೂ ನೀರು ಸುಳಿಯುತ್ತಿತ್ತು.

"ಕಾಳಿಂಗ," ಎಂದಳು ಹರಿಣಾಕ್ಷಿ.

ಅದು ಗೆಳತಿಯರಿಬ್ಬರಿಗೂ ಕುಶಲಾಳಿಗೂ ನಡುವೆ ದಡ ಹತ್ತಿತು. ತಲೆ ಗೋಳಿಮರದ ಬೇರಿಗೆ ಬಂದಾಗಲೂ ಬಾಲ ಇನ್ನೂ ನೀರಿನಲ್ಲಿತ್ತು. ಲೊರ್ನಾ ಕಿಟಾರನೆ ಕಿರುಚಿ, ಬಿದ್ದಿದ್ದ ಒಣ ಕೊಂಬೆಯೊಂದನ್ನು ಎತ್ತಿಕೊಂಡು ಮುಂದೆ ನುಗ್ಗಿದಳು. ಹಾವು ಸರ್ರನೆ ಎದ್ದು ನಿಂತಿತು. ಕೂತಿದ್ದ ಕುಶಲಾಳ ಮುಖದ ಎತ್ತರಕ್ಕೆ ಎದ್ದು, ಕತ್ತು ಅಗಲಿಸಿ, ನಾಯಿ ಗುರುಗುಟ್ಟುವಂಥ ಸದ್ದು ಮಾಡಿತು.

"ಲೊರ್ನಾ, ನಿಲ್ಲು. ಅಲ್ಲಾಡಬೇಡ," ಎಂದಳು ಕುಶಲಾ, ತುಟಿ ಮಾತ್ರ ಆಡಿಸಿ.

ಲೊರ್ನಾ ನಿಂತಳು. ಕೊಂಬೆ ಎತ್ತಿದ್ದಲ್ಲಿಯೇ ಉಳಿಯಿತು.

ಕುಶಲಾ ಕಣ್ಣು ಮುಚ್ಚಲಿಲ್ಲ. ಮುಚ್ಚಲು ಆಗಲೂ ಇಲ್ಲ. ಇಷ್ಟು ಹತ್ತಿರದಲ್ಲಿ ಇಷ್ಟು ಚಂದದ್ದನ್ನು ಅವಳು ನೋಡಿರಲಿಲ್ಲ. ಗಂಟಲಿನ ಕೆಳಗೆ ಮಾಗಿದ ಮಾವಿನ ಹಳದಿ, ಬೆನ್ನಿನಲ್ಲಿ ಪಾಚಿ ಕಟ್ಟಿದ ಕಲ್ಲಿನ ಬಣ್ಣ, ಪ್ರತಿ ಹುರುಪೆಯ ಅಂಚಿನಲ್ಲೂ ಒಂದೊಂದು ನೀರಿನ ಹನಿ. ಸೀಳು ನಾಲಗೆ ಬಂದು ಬಂದು ಹೋಗುತ್ತಿತ್ತು. ಅದರ ಕಣ್ಣಿನಲ್ಲಿ ಸಿಟ್ಟು ಇರಲಿಲ್ಲ, ಕನಿಕರವೂ ಇರಲಿಲ್ಲ. ಎಷ್ಟು ಹೊತ್ತು ಹಾಗಿತ್ತೋ, ಆಮೇಲೆ ಕತ್ತು ಕಿರಿದಾಯಿತು. ಅದು ಮೆಲ್ಲನೆ ಬಾಗಿ ಅವಳ ಮೊಣಕಾಲಿನ ಮೇಲೆಯೇ ಹಾದು ಹೋಗತೊಡಗಿತು.

ಮೊದಲು ತಂಪು ತಾಗಿತು. ಅನಂತರ ಭಾರ. ಕಾಲುಗಳನ್ನು ನೆಲಕ್ಕೆ ಒತ್ತುವಂಥ, ತುಂಬು ಭಾರ. ಅದರೊಳಗೆ ಸಾಲಾಗಿ ಪಕ್ಕೆಲುಬುಗಳು, ನೂರಾರು ಬೆರಳುಗಳು ನಡೆದುಹೋಗುವಂತೆ, ಅಲೆಯಲೆಯಾಗಿ ಚಲಿಸುವುದು ತಿಳಿಯುತ್ತಿತ್ತು. ವರ್ಷದಿಂದ ಯಾರೂ ಅವಳ ಮೇಲೆ ಒಂದು ಹೂವಿನಷ್ಟು ಭಾರವನ್ನೂ ಹೊರಿಸಿರಲಿಲ್ಲ. ಇದು ಅನುಮತಿ ಕೇಳಲಿಲ್ಲ. ಅವಳು ತಡೆದಾಳೋ ಇಲ್ಲವೋ ಎಂದು ಅನುಮಾನಿಸಲೂ ಇಲ್ಲ. ಮುಗಿಯದೆ ಹೋಗುತ್ತಲೇ ಇತ್ತು. ಇವಳ ಕಣ್ಣಿನಿಂದ ನೀರು ತಾನಾಗಿ ಇಳಿಯುತ್ತಿತ್ತು. ಆದರೂ ಕೊನೆಗೆ ಬಾಲದ ತುದಿ ಜಾರಿ ಕಾಲು ಹಗುರಾದಾಗ, ಇನ್ನಷ್ಟು ಇರಬಾರದಿತ್ತೇ ಎನ್ನಿಸಿ ಅವಳಿಗೇ ಆಶ್ಚರ್ಯವಾಯಿತು.

ಹಿಂದಿನ ಪೊದೆಯಲ್ಲಿ ತರಗೆಲೆಯ ಸದ್ದು ದೂರವಾಗಿ ನಿಂತಿತು.

ಲೊರ್ನಾ ಶಿಲುಬೆಯ ಗುರುತು ಹಾಕಿಕೊಳ್ಳುತ್ತ ಓಡಿ ಬಂದಳು. ಹರಿಣಾಕ್ಷಿ ಪೊದೆಯ ಕಡೆಗೆ ಮುಗಿದ ಕೈಯನ್ನು ಬಿಡಿಸಲೇ ಇಲ್ಲ. ಇಬ್ಬರೂ ಎಬ್ಬಿಸುವ ಮೊದಲೇ ಕುಶಲಾ ತಾನೇ ಎದ್ದು, ನೀರಿನ ಅಂಚಿನ ಬಯಲಿಗೆ ನಡೆದು, ಬಂಡೆಯ ಮೇಲೆ ಕುಳಿತಳು.

"ಕಚ್ಚಲಿಲ್ಲ ಅಲ್ವಾ? ನೋವು ಉಂಟಾ? ಹೇಳು ಮಾರಾಯ್ತಿ!"

"ಎಂಥ ಭಾರ ಉಂಟು ಗೊತ್ತಾ ಅದು!" ಎಂದಳು ಕುಶಲಾ. ಅವಳ ದನಿಯಲ್ಲಿ ಹಿಗ್ಗು ಇತ್ತು.

ಅವಳ ಬಿಳಿ ಪ್ಯಾಂಟಿನ ಮೇಲೆ, ಎರಡೂ ಮೊಣಕಾಲುಗಳಿಗೆ ಅಡ್ಡವಾಗಿ, ತೋಳಿನಗಲದ ಒಂದು ಒದ್ದೆ ಪಟ್ಟೆ ಇತ್ತು. ಲೊರ್ನಾ ಬೈರಾಸು ತೆಗೆದು ಒರೆಸಲು ಬಗ್ಗಿದಳು.

"ಮುಟ್ಟಬೇಡ."

ಲೊರ್ನಾ ಕೈ ಹಿಂದೆಗೆದು, ಬೈರಾಸನ್ನು ಮಡಿಲಲ್ಲಿಟ್ಟುಕೊಂಡು ಅವಳ ಪಕ್ಕ ಕೂತಳು. ಹರಿಣಾಕ್ಷಿಯೂ ಬಂದು ಕೂತಳು. ಬಿಸಿಲಿಗೆ ಪಟ್ಟೆ ಎರಡೂ ಅಂಚುಗಳಿಂದ ಒಳಕ್ಕೆ ಆರುತ್ತ ಬರುತ್ತಿತ್ತು. ಕಿರುಚಿದ್ದು ಕೇಳಿ ಹೊರಟಿದ್ದ ದೋಣಿ ದಡಕ್ಕೆ ತಾಗಿತು. "ಎಂತಾಯಿತು ಅಕ್ಕ?" ಎಂದು ದೋಣಿಯವನು ಕೂಗಿದ.

ಕುಶಲಾ ಅತ್ತ ನೋಡದೆ, ಸ್ವಲ್ಪ ನಿಲ್ಲು ಎಂದು ಕೈಯೆತ್ತಿದಳು. ಕೊನೆಯ ಬೆರಳಗಲದ ಒದ್ದೆ ಆರುವವರೆಗೆ ಮೂವರೂ ಅಲ್ಲಿಂದ ಏಳಲಿಲ್ಲ.