ಯಾರ ರಕ್ತದ ದೋಷ

"ಅವಳ ರಕ್ತ ಬೇಡ ಡಾಕ್ಟ್ರೇ," ಎನ್ನುತ್ತಾ ಅತ್ತೆ ಒಪ್ಪಿಗೆ ಪತ್ರದ ಮೇಲೆ ಅಂಗೈ ಊರಿದರು. "ಒಂದು ಮಗೂನ ನುಂಗಿ ನೀರು ಕುಡಿದಿದ್ದು ಸಾಲದಾ?"

ಸ್ಕ್ಯಾನ್ ಮಂಚದ ಮೇಲಿದ್ದ ಐದು ತಿಂಗಳ ಬಸುರಿ ಸೊಸೆ ಎದ್ದು ಕೂತಳು. ಮೊದಲ ಮಗಳು ಎರಡು ವರ್ಷ ತುಂಬುವಷ್ಟರಲ್ಲಿ, ಕಲಿತ ಮಾತನ್ನೂ ನಗುವನ್ನೂ ಒಂದೊಂದಾಗಿ ಮರೆತು ತೀರಿಕೊಂಡಿದ್ದಳು. ಹೊಟ್ಟೆಯಲ್ಲಿರುವ ಮಗುವಿಗೂ ಅದೇ ಕಾಯಿಲೆ. ತಾಯಿಯ ಸೊಂಟದ ಮೂಳೆಯಿಂದ ಹೊಸ ರಕ್ತ ಹುಟ್ಟಿಸುವ ಕಾಂಡಕೋಶ ತೆಗೆದು, ಹುಟ್ಟುವ ಮೊದಲೇ ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಕೊಟ್ಟು ನೋಡಬಹುದು, ಆದರೆ ಖಾತ್ರಿಯಿಲ್ಲ ಎಂದಿದ್ದರು ಡಾಕ್ಟರು.

"ನನ್ನ ಮಗನದ್ದು ತಗೊಳ್ಳಿ. ನಮ್ಮ ವಂಶದಲ್ಲಿ ಇಂಥ ರೋಗ ಯಾರಿಗೂ ಇಲ್ಲ."

"ಮಗು ತಾಯಿಯ ಕೋಶವನ್ನಾದರೆ ಸುಲಭವಾಗಿ ಒಪ್ಪಿಕೊಳ್ಳುತ್ತಮ್ಮ," ಎಂದರು ಡಾಕ್ಟರು. "ಇನ್ನು ಈ ದೋಷ ಅಪ್ಪ ಅಮ್ಮ ಇಬ್ಬರಿಂದಲೂ ಬಂದಿರೋದು. ಒಬ್ಬರಿಂದ ಮಾತ್ರ ಬಂದರೆ ಕಾಯಿಲೆ ಆಗಲ್ಲ, ಅದಕ್ಕೇ ನಿಮ್ಮ ವಂಶದಲ್ಲಿ ಕಾಣಿಸಿಲ್ಲ. ಮೊದಲನೇ ಮಗು ಹೋದಾಗಲೇ ನಿಮ್ಮ ಮಗನ ಕೈಗೆ ರಿಪೋರ್ಟ್ ಕೊಟ್ಟಿದ್ದೆನಲ್ಲ?"

ಗೋಡೆಗೆ ಒರಗಿದ್ದ ಗಂಡ ನೆಲ ನೋಡಿದ. ಮಗಳು ಹೋದ ಮೇಲಿನ ಮೂರು ವರ್ಷ ಅವಳು ಮನೆಹಾಳಿ ಅನ್ನಿಸಿಕೊಂಡಾಗಲೆಲ್ಲ ಅವನು ಹೀಗೇ ನೆಲ ನೋಡುತ್ತಿದ್ದ.

"ನಿಮಗೆ ಗೊತ್ತಿತ್ತಾ?" ಎಂದಳು ಅವಳು.

"ಅಮ್ಮಂಗೆ ಬೇಜಾರಾಗುತ್ತೆ ಅಂತ..."

ಅವಳು ಮಂಚದಿಂದ ಇಳಿದಳು. ಅತ್ತೆಯ ಮಣಿಕಟ್ಟು ಹಿಡಿದು, ಪತ್ರದ ಮೇಲಿನ ಕೈಯನ್ನು ಎತ್ತಿ ಪಕ್ಕಕ್ಕಿಟ್ಟು, ಸಹಿ ಹಾಕಿದಳು.

"ಇಬ್ಬರೂ ಹೊರಗೆ ನಡೀರಿ."

ಮಗ ಏನಾದರೂ ಹೇಳಲಿ ಎಂದು ಅತ್ತೆ ಅವನ ಕಡೆ ತಿರುಗಿದರು. ಅವನು ಆಗಲೇ ಬಾಗಿಲು ತೆರೆದಿದ್ದ.