ಬಟ್ಟೆಯ ಕತ್ತರಿ

ಪತ್ರಿಕೆಯ ಶ್ರದ್ಧಾಂಜಲಿಯಲ್ಲಿ ಬಂದ ಅಜ್ಜಿಯ ಫೋಟೊವನ್ನು ಯಾವುದರಿಂದ ಕತ್ತರಿಸುವುದೆಂಬ ಗಹನವಾದ ಪ್ರಶ್ನೆ ಆ ಬೆಳಿಗ್ಗೆ ಇಡೀ ಕುಟುಂಬದ ಮುಂದಿತ್ತು. ಮನೆಯಲ್ಲಿದ್ದದ್ದು ಅಜ್ಜಿಯ ಕತ್ತರಿಯೊಂದೇ. ಐವತ್ತೆಂಟು ವರ್ಷ ತನ್ನ ಟೈಲರಿಂಗ್ ಅಂಗಡಿಯಲ್ಲಿ ಊರಿನ ಮಕ್ಕಳಿಗೆಲ್ಲ ಶಾಲೆಯ ಬಟ್ಟೆ ಹೊಲಿದುಕೊಟ್ಟ ಅಜ್ಜಿ ಅದಕ್ಕೆ ಒಮ್ಮೆಯೂ ಕಾಗದ ಸೋಕಿಸಿರಲಿಲ್ಲ. ಸೋಕಿಸಿದವರ ಬೆನ್ನಿಗೆ ಅಳತೆಕೋಲು ಬೀಳುತ್ತಿತ್ತು.

“ಈಗ ಬೈಯೋರು ಯಾರಿದ್ದಾರೆ? ಅಮ್ಮನ ಜೊತೆ ಅಂಗಡಿಯೂ ಮುಗೀತು,” ಎನ್ನುತ್ತ ಅರವತ್ತೆರಡರ ಹಿರಿಯ ಮಗ ಕತ್ತರಿ ಎತ್ತಿಕೊಂಡರು.

“ಇಡು ಕೆಳಗೆ!”

ಎಲ್ಲರೂ ಬೆಚ್ಚಿ ಅಜ್ಜಿಯ ಖಾಲಿ ಕುರ್ಚಿಯತ್ತ ನೋಡಿದರು. ಕೂಗಿದ್ದು ಕಿರಿಯ ಸೊಸೆ. ಹದಿನಾರು ವರ್ಷ ಅತ್ತೆಯ ಪಕ್ಕದ ಮೆಷಿನ್ನಿನಲ್ಲಿ ತುಟಿಪಿಟಕ್ಕೆನ್ನದೆ ಹೊಲಿದವಳ ಬಾಯಲ್ಲಿ ಈಗ ಅತ್ತೆಯದೇ ದನಿ, ಅತ್ತೆಯದೇ ಏಕವಚನ. ನಾಲಿಗೆ ಕಚ್ಚಿಕೊಂಡಳು, ಚಾಚಿದ ಕೈಯನ್ನು ಮಾತ್ರ ಹಿಂದೆಗೆಯಲಿಲ್ಲ. “ಕಾಗದಕ್ಕೆ ಹಾಕಿದ್ರೆ ಮೊಂಡಾಗುತ್ತೆ, ಭಾವ. ಸೋಮವಾರ ಶಾಲೆ ಶುರು, ನಲವತ್ತು ಲಂಗ ಬಾಕಿ ಇದೆ. ನೀವು ಹೊಲಿದುಕೊಡ್ತೀರಾ?”

ಹಿರಿಯ ಮಗ ಕತ್ತರಿಯನ್ನು ಅವಳ ಕೈಗಿಟ್ಟು, ಬೆನ್ನು ಸವರಿಕೊಂಡರು. ಪತ್ರಿಕೆಯನ್ನು ಮಡಿಚಿ ಕೈಯಲ್ಲೇ ಹರಿದದ್ದರಿಂದ ಅಜ್ಜಿಯ ಒಂದು ಕಿವಿ ಪಕ್ಕದ ಜಾಹೀರಾತಿನಲ್ಲಿ ಉಳಿಯಿತು. ಹತ್ತು ಗಂಟೆಗೆ ಅಂಗಡಿಯ ಬಾಗಿಲು ತೆರೆಯಿತು.